ಕಂಪನಿಯ ಮೋಡೆಮ್‌ಗೆ ಸ್ವಂತ ರೂಟರ್ ಜೋಡಿಸಿದ ಮೇಲೆ ನೆಟ್ ತೊಂದರೆಯೇ? ಪತ್ತೆ ಹಚ್ಚುವ ಕ್ರಮ ಇಲ್ಲಿದೆ

ಫೈಬರ್ ಕನೆಕ್ಷನ್ ಕೊಡುವವರು ಗೋಡೆಗೆ ಹಾಕಿ ಹೋಗುವ ಡಬ್ಬಿಯನ್ನು ನಾವು ಮೋಡೆಮ್ ಅನ್ನುತ್ತೇವೆ, ಅವರು ಓಎನ್‌ಟಿ ಅನ್ನುತ್ತಾರೆ. ಈಗಿನ ಓಎನ್‌ಟಿಗಳು ಬರೀ ಮೋಡೆಮ್ ಅಲ್ಲ. ಫೈಬರ್‌ನಲ್ಲಿ ಬೆಳಕಾಗಿ ಬರುವ ಸಿಗ್ನಲ್ಲನ್ನು ಬಿಡಿಸಿಕೊಳ್ಳುವುದರ ಜೊತೆಗೆ ಮನೆಯ ಒಂದೊಂದು ಫೋನು, ಟಿವಿ, ಲ್ಯಾಪ್‌ಟಾಪಿಗೂ ಐಪಿ ವಿಳಾಸ (ಜಾಲದಲ್ಲಿ ಆ ಸಾಧನದ ಗುರುತಿನ ಸಂಖ್ಯೆ) ಹಂಚುತ್ತವೆ, ವೈಫೈ ಕೂಡ ಹರಡುತ್ತವೆ. ಅಂದರೆ ಅದರೊಳಗೆ ಆಗಲೇ ಒಂದು ರೂಟರ್ ಇದೆ. ಒಳಕೋಣೆಗೆ ಸಿಗ್ನಲ್ ಸಾಲುವುದಿಲ್ಲವೆಂದು ಅಂಗಡಿಯಿಂದ ಇನ್ನೊಂದು ರೂಟರ್ ತಂದು ಸಿಕ್ಕಿಸಿದರೆ ಮನೆಯಲ್ಲಿ ವಿಳಾಸ ಹಂಚುವವರು ಇಬ್ಬರಾಗುತ್ತಾರೆ. ನೆಟ್ ಏನೋ ಬರುತ್ತದೆ. ಆದರೆ ಪ್ರಿಂಟರ್ ಒಮ್ಮೆ ಸಿಕ್ಕರೆ ಇನ್ನೊಮ್ಮೆ ಸಿಗುವುದಿಲ್ಲ, ಫೋನಿನ ವೀಡಿಯೊ ಟಿವಿಗೆ ಹೋಗುವುದಿಲ್ಲ, ಸಿಸಿ ಕ್ಯಾಮೆರಾ ಬೇರೆ ಊರಿಂದ ಕಾಣುವುದಿಲ್ಲ, ಕರೆಂಟ್ ಹೋಗಿ ಬಂದರೆ ಅರ್ಧ ಮನೆಗೆ ನೆಟ್ ಇರುತ್ತದೆ, ಇನ್ನರ್ಧಕ್ಕೆ ಇರುವುದಿಲ್ಲ.

ಇದಕ್ಕೆಲ್ಲ ಸಿಗುವ ಮಾಮೂಲಿ ಸಲಹೆ "ಎರಡನ್ನೂ ಆಫ್ ಮಾಡಿ ಆನ್ ಮಾಡಿ" ಎಂಬುದು. ಅದರಿಂದ ಆ ಹೊತ್ತಿಗೆ ಸರಿಹೋಗುವುದೂ ಉಂಟು. ಆದರೆ ತೊಂದರೆ ಯಾವ ಡಬ್ಬಿಯದ್ದಿತ್ತು ಎಂಬ ಸುಳಿವು ಅಳಿಸಿಹೋಗಿ, ನಾಲ್ಕು ದಿನಕ್ಕೆ ಮತ್ತೆ ಅದೇ ಕಥೆ. ಬೀದಿಯ ಕಡೆಯಿಂದ ಶುರು ಮಾಡಿ ಒಳಗೆ ಬನ್ನಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕೊನೆಗೆ ವಿಳಾಸ ಹಂಚುವ ಕೆಲಸ ಯಾರದೆಂದು ತೀರ್ಮಾನಿಸಿ. ಬಹುಪಾಲು ಮನೆಗಳ ತೊಂದರೆ ಈ ಕೊನೆಯ ತೀರ್ಮಾನದಲ್ಲೇ ಮುಗಿಯುತ್ತದೆ.

ಪಿನ್ ಚುಚ್ಚುವ ಮುಂಚೆ

ಎರಡು ಡಬ್ಬಿಗಳ ಹಿಂದೆಯೂ ರೀಸೆಟ್ ಎಂಬ ಸಣ್ಣ ತೂತು ಇರುತ್ತದೆ. ಕಂಪನಿಯ ಡಬ್ಬಿಯ ತೂತಿಗೆ ಪಿನ್ ಹಾಕಬೇಡಿ. ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ರೀಸೆಟ್ ಮಾಡಿದರೆ ಲೈನ್‌ಮನ್ ಬಂದು ತುಂಬಿಸಿ ಹೋದ ಯೂಸರ್ ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ (ಒಂದೇ ಲೈನಿನಲ್ಲಿ ನೆಟ್, ಫೋನು, ಟಿವಿಯನ್ನು ಬೇರ್ಪಡಿಸುವ ಗುರುತು) ಎಲ್ಲ ಅಳಿಸಿಹೋಗುವ ಸಾಧ್ಯತೆ ಇದೆ. ಕೆಲವು ಕಂಪನಿಗಳ ಡಬ್ಬಿಗಳು ಸೆಟ್ಟಿಂಗನ್ನು ದೂರದಿಂದಲೇ ಮತ್ತೆ ಎಳೆದುಕೊಳ್ಳುತ್ತವೆ, ಎಲ್ಲವೂ ಹಾಗಲ್ಲ. ಶನಿವಾರ ಸಂಜೆ ರೀಸೆಟ್ ಮಾಡಿದರೆ ಸೋಮವಾರದವರೆಗೆ ಕಾಯಬೇಕಾದೀತು. ನಿಮ್ಮ ಸ್ವಂತ ರೂಟರನ್ನು ರೀಸೆಟ್ ಮಾಡಲು ಅಡ್ಡಿಯಿಲ್ಲ, ಆದರೆ ಅದಕ್ಕೂ ಮೊದಲು ಅದರ ಸೆಟ್ಟಿಂಗ್ ಪುಟಗಳನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಎರಡೂ ಡಬ್ಬಿಗಳ ತಳದ ಸ್ಟಿಕ್ಕರ್‌ಗಳ ಫೋಟೊ ಕೂಡ ಇರಲಿ. ಲಾಗಿನ್ ವಿಳಾಸ, ಮೊದಲ ಪಾಸ್‌ವರ್ಡ್, ಸೀರಿಯಲ್ ನಂಬರ್ ಎಲ್ಲ ಅಲ್ಲೇ ಇರುತ್ತವೆ.

ಒಂದನೇ ಹೆಜ್ಜೆ: ದೀಪ ನೋಡಿ

ಓಎನ್‌ಟಿ ಮೇಲೆ ಎಲ್‌ಓಎಸ್ ಮತ್ತು ಪಾನ್ ಎಂಬ ಎರಡು ದೀಪಗಳನ್ನು ಹುಡುಕಿ. ಎಲ್‌ಓಎಸ್ ಕೆಂಪಾಗಿ ಉರಿಯುತ್ತಿದ್ದರೆ ಅಥವಾ ಮಿನುಗುತ್ತಿದ್ದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ ಎಂದರ್ಥ. ಇಲಿ ಕಡಿದಿರಬಹುದು, ಕಂಬದಿಂದ ಕಂಬಕ್ಕೆ ಎಳೆದ ತಂತಿ ಮರ ಬಿದ್ದು ಹರಿದಿರಬಹುದು, ಅಥವಾ ಸೋಫಾ ಸರಿಸುವಾಗ ಹಳದಿ ತೆಳು ವೈರು ಮಡಚಿಹೋಗಿರಬಹುದು. ಫೈಬರ್‌ನ ಒಳಗಿರುವುದು ಗಾಜಿನ ಎಳೆ. ತಾಮ್ರದ ವೈರಿನಂತೆ ಮಡಚಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದರೆ ಬೆಳಕು ಸೋರಿಹೋಗುತ್ತದೆ. ಬಿಗಿಯಾದ ಮಡಿಕೆ ಕಂಡರೆ ಬಿಡಿಸಿ, ಅಗಲವಾದ ಸುರುಳಿ ಮಾಡಿ. ತುದಿ ಬಿಚ್ಚಿದ್ದರೆ ಅದರೊಳಗೆ ಕಣ್ಣಿಟ್ಟು ನೋಡಬೇಡಿ, ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಅಪಾಯಕಾರಿ. ಬೆರಳಿನಿಂದ ತುದಿ ಒರೆಸಲೂ ಬೇಡಿ.

ಎಲ್‌ಓಎಸ್ ಕೆಂಪಾಗಿರುವಷ್ಟು ಹೊತ್ತು ನಿಮ್ಮ ರೂಟರ್‌ನಲ್ಲಿ ಏನು ತಿರುಚಿದರೂ ಪ್ರಯೋಜನವಿಲ್ಲ. ನೇರವಾಗಿ ಕಂಪನಿಗೆ ಫೋನ್ ಮಾಡಿ. ಕಂಪನಿಯ ಜೊತೆ ಸಂಪರ್ಕ ಆಗಿದೆ ಎಂದು ತೋರಿಸುವ ಪಾನ್ ದೀಪ ಹಸಿರಾಗಿ ನಿಂತಿದ್ದರೆ ಮುಂದಕ್ಕೆ ಹೋಗಿ. ನೆಟ್ ಆಗಾಗ ಬಿಟ್ಟು ಬಿಟ್ಟು ಬರುತ್ತಿದ್ದರೆ ಓಎನ್‌ಟಿಯ ಸೆಟ್ಟಿಂಗ್ ಪುಟದಲ್ಲಿ (ಸ್ಟಿಕ್ಕರ್ ಮೇಲಿನ ಲಾಗಿನ್ ವಿಳಾಸವನ್ನು ಬ್ರೌಸರ್‌ನಲ್ಲಿ ಹಾಕಿದರೆ ತೆರೆಯುತ್ತದೆ) ಆಪ್ಟಿಕಲ್ ಪವರ್ ಎಷ್ಟಿದೆ ನೋಡಿ. ಒಳಬರುವ ಬೆಳಕಿನ ಅಳತೆ ಮೈನಸ್ 15ರಿಂದ ಮೈನಸ್ 25 ಡಿಬಿಎಂ ನಡುವೆ ಇದ್ದರೆ ಚಿಂತೆಯಿಲ್ಲ. ಮೈನಸ್ 27, 28ರ ಹತ್ತಿರ ಇದ್ದರೆ ಲೈನ್ ಅಂಚಿನಲ್ಲಿದೆ. ಎಲ್ಲೋ ಒಂದು ಜಾಯಿಂಟ್ ಸಡಿಲವಾಗಿರಬಹುದು. ಈ ಅಂಕಿಯನ್ನು ಲೈನ್‌ಮನ್‌ಗೆ ಹೇಳಿದರೆ ಅವರು ಬರುವಾಗ ಸರಿಯಾದ ಉಪಕರಣ ಹಿಡಿದುಕೊಂಡೇ ಬರುತ್ತಾರೆ.

ಎರಡನೇ ಹೆಜ್ಜೆ: ನಿಮ್ಮ ರೂಟರನ್ನು ಬದಿಗಿಟ್ಟು ಪರೀಕ್ಷಿಸಿ

ಸ್ವಂತ ರೂಟರ್‌ಗೆ ಹೋಗುವ ಲ್ಯಾನ್ ಕೇಬಲನ್ನು ಬಿಚ್ಚಿ ಲ್ಯಾಪ್‌ಟಾಪಿಗೆ ಹಾಕಿ. ಲ್ಯಾಪ್‌ಟಾಪಿನ ವೈಫೈ ಆಫ್ ಇರಲಿ. ಕೇಬಲ್ ಹಾಕುವ ಕಿಂಡಿ ಇಲ್ಲದಿದ್ದರೆ ಓಎನ್‌ಟಿಯ ಪಕ್ಕದಲ್ಲೇ ಕುಳಿತು ಅದರ ವೈಫೈಗೆ ಫೋನ್ ಜೋಡಿಸಿ. ಫೋನಿನಲ್ಲಿ ಪರೀಕ್ಷೆ ಮಾಡುವಾಗ ಮೊಬೈಲ್ ಡೇಟಾ ಆಫ್ ಮಾಡುವುದನ್ನು ಮರೆಯಬೇಡಿ. ವೈಫೈಯಲ್ಲಿ ನೆಟ್ ಇಲ್ಲವೆಂದು ಗೊತ್ತಾದ ಕೂಡಲೇ ಎಷ್ಟೋ ಫೋನುಗಳು ಸದ್ದಿಲ್ಲದೆ ಸಿಮ್‌ನ ಡೇಟಾಗೆ ಹಾರುತ್ತವೆ. ವೀಡಿಯೊ ಓಡುತ್ತದೆ, ನೀವು ವೈಫೈ ಸರಿಯಿದೆ ಅಂದುಕೊಳ್ಳುತ್ತೀರಿ, ಪತ್ತೆ ಕಾರ್ಯ ಪೂರ್ತಿ ಅಡ್ಡದಾರಿ ಹಿಡಿಯುತ್ತದೆ.

ಇಲ್ಲಿ ನೆಟ್ ಚೆನ್ನಾಗಿದ್ದರೆ ಲೈನು, ಓಎನ್‌ಟಿ ಎರಡೂ ಸರಿ, ತೊಂದರೆ ಮುಂದಿನ ಭಾಗದಲ್ಲಿದೆ. ಇಲ್ಲೇ ನೆಟ್ ಇಲ್ಲದಿದ್ದರೆ ಅದು ಕಂಪನಿಯವರದೇ ಜವಾಬ್ದಾರಿ. ದೂರು ಕೊಡುವಾಗ "ನನ್ನ ರೂಟರ್ ತೆಗೆದು, ನಿಮ್ಮ ಡಬ್ಬಿಗೇ ಕೇಬಲ್ ಹಾಕಿ ನೋಡಿದೆ" ಎಂದು ಮೊದಲ ಮಾತಿನಲ್ಲೇ ಹೇಳಿ. ಇಲ್ಲದಿದ್ದರೆ ಅವರು ಕೇಳುವ ಮೊದಲ ಪ್ರಶ್ನೆಯೂ ಅದೇ, ನಿಮ್ಮ ಫೋನ್ ಇಡುವುದಕ್ಕೆ ಅವರಿಗೆ ಸಿಗುವ ನೆಪವೂ ಅದೇ.

ಮೂರನೇ ಹೆಜ್ಜೆ: ಕೇಬಲ್ ಯಾವ ಕಿಂಡಿಯಲ್ಲಿದೆ?

ಸ್ವಂತ ರೂಟರ್‌ನ ಹಿಂದೆ ಹೊರಗಿನ ನೆಟ್ ಒಳಬರುವ ಒಂದು ವ್ಯಾನ್ ಕಿಂಡಿ, ಮನೆಯ ಸಾಧನಗಳಿಗೆ ಹೋಗುವ ಕೆಲವು ಲ್ಯಾನ್ ಕಿಂಡಿಗಳು ಇರುತ್ತವೆ. ವ್ಯಾನ್‌ಗೆ ಸಾಮಾನ್ಯವಾಗಿ ಬೇರೆ ಬಣ್ಣ. ಓಎನ್‌ಟಿಯಿಂದ ಬಂದ ಕೇಬಲ್ ಗೊತ್ತಿಲ್ಲದೆ ಲ್ಯಾನ್ ಕಿಂಡಿಗೆ ಹೋಗಿದ್ದರೆ ವಿಚಿತ್ರ ತೊಂದರೆ ಶುರುವಾಗುತ್ತದೆ. ಮನೆಯ ಒಂದೇ ಜಾಲದಲ್ಲಿ ಇಬ್ಬರೂ ವಿಳಾಸ ಹಂಚಲು ನಿಲ್ಲುತ್ತಾರೆ. ಹೊಸದಾಗಿ ಬಂದ ಫೋನು "ವಿಳಾಸ ಕೊಡಿ" ಎಂದು ಕೇಳಿದಾಗ ಯಾರು ಮೊದಲು ಉತ್ತರ ಕೊಟ್ಟರೋ ಅವರ ಪಾಲು. ಓಎನ್‌ಟಿ ಕೊಟ್ಟ ವಿಳಾಸ ಸಿಕ್ಕವರಿಗೆ ನೆಟ್ ಇದೆ. ರೂಟರ್ ಕೊಟ್ಟದ್ದು ಸಿಕ್ಕವರಿಗೆ ವೈಫೈ ಪೂರ್ತಿ ಕಡ್ಡಿ ತೋರಿಸುತ್ತದೆ, ನೆಟ್ ಮಾತ್ರ ಇಲ್ಲ. ಅಪ್ಪನ ಫೋನಿಗೆ ಬರುತ್ತದೆ, ಮಗಳ ಫೋನಿಗೆ ಬರುವುದಿಲ್ಲ, ನಾಳೆ ಅದಲುಬದಲು. ಫೋನಿನ ವೈಫೈ ವಿವರಗಳಲ್ಲಿ ಗೇಟ್‌ವೇ (ಹೊರಗೆ ದಾರಿ ಕೊಡುವ ಡಬ್ಬಿಯ ವಿಳಾಸ) ಎಂಬ ಸಾಲನ್ನು ನೋಡಿ. ಎರಡು ಫೋನುಗಳಲ್ಲಿ ಅದು ಬೇರೆ ಬೇರೆ ಇದ್ದು, ಎರಡೂ ಒಂದೇ ರೂಟರ್‌ನ ವೈಫೈಯಲ್ಲಿದ್ದರೆ ಕಾರಣ ಇದೇ.

ಕಂಪನಿಯ ಡಬ್ಬಿಯ ಕಡೆಯೂ ನೋಡಬೇಕು. ಕೆಲವು ಓಎನ್‌ಟಿಗಳಲ್ಲಿ ಒಂದು ಲ್ಯಾನ್ ಕಿಂಡಿಯನ್ನು ಟಿವಿ ಸೆಟ್‌ಟಾಪ್ ಬಾಕ್ಸ್‌ಗೆಂದೇ ಮೀಸಲಿಟ್ಟಿರುತ್ತಾರೆ. ಸಂಶಯವಿದ್ದರೆ ಲ್ಯಾನ್ 1ಕ್ಕೆ ಹಾಕಿ.

ಕೇಬಲ್ ಬಗ್ಗೆ ಒಂದು ಮಾತು ವಿವರವಾಗಿ ಹೇಳಬೇಕು. ಶಿರಸಿ ಕಡೆಯ ನೆಂಟರ ಮನೆಯಲ್ಲಿ ಜಗಲಿಯಲ್ಲಿ ಓಎನ್‌ಟಿ, ಹಿಂದಿನ ಕೋಣೆಯಲ್ಲಿ ರೂಟರ್. ಪ್ಲಾನು 200 ಎಂಬಿಪಿಎಸ್‌ದು. ಜಗಲಿಯಲ್ಲಿ ಪೂರ್ತಿ ವೇಗ ಬರುತ್ತದೆ, ಹಿಂದಿನ ಕೋಣೆಯಲ್ಲಿ ಎಷ್ಟು ಸಲ ಪರೀಕ್ಷಿಸಿದರೂ 94ರ ಆಸುಪಾಸು. ರೂಟರನ್ನೇ ಬದಲಿಸುವ ಮಾತು ನಡೆದಿತ್ತು. 94 ಎಂಬ ಅಂಕಿ ಕಂಡರೆ ರೂಟರನ್ನು ದೂರುವ ಮೊದಲು ಕೇಬಲ್ ನೋಡಬೇಕು. ಲ್ಯಾನ್ ಕೇಬಲ್‌ನೊಳಗೆ ಎಂಟು ಎಳೆಗಳಿವೆ. ಗಿಗಾಬಿಟ್ ವೇಗಕ್ಕೆ ಎಂಟೂ ಬೇಕು. ಒಂದು ಕಡಿದರೂ ಸಾಮಾನ್ಯವಾಗಿ ಎರಡು ಡಬ್ಬಿಗಳು ಪರಸ್ಪರ ಒಪ್ಪಂದ ಮಾಡಿಕೊಂಡು, ನಾಲ್ಕೇ ಎಳೆ ಸಾಕಾಗುವ 100 ಎಂಬಿಪಿಎಸ್‌ಗೆ ಇಳಿಯುತ್ತವೆ. ಅದರಲ್ಲಿ ಪ್ಯಾಕೆಟ್‌ಗಳ (ತುಂಡು ಮಾಡಿ ಕಳಿಸುವ ಮಾಹಿತಿಯ ಕಟ್ಟುಗಳ) ತಲೆಬರಹದ ಪಾಲು ಕಳೆದರೆ ಕೈಗೆ ಸಿಗುವುದು 94, 95. ಆ ಮನೆಯಲ್ಲಿ ಕೇಬಲ್ ಕಿಟಕಿಯ ಚೌಕಟ್ಟಿನ ಸಂದಿಯಲ್ಲಿ ಹಾದುಹೋಗಿತ್ತು. ಮಳೆಗಾಲದಲ್ಲಿ ಉಬ್ಬಿದ ಮರದ ಬಾಗಿಲನ್ನು ದಿನಾ ಒತ್ತಿ ಮುಚ್ಚಿ, ಕೇಬಲ್ ಅಲ್ಲಿ ಚಪ್ಪಟೆಯಾಗಿ ಹೊಳೆಯುತ್ತಿತ್ತು. ಗೋಡೆಗೆ ತೂತು ಕೊರೆದು ಹೊಸ ಕ್ಯಾಟ್ 6 ಕೇಬಲ್ ಎಳೆದ ಮೇಲೆ ಅದೇ ರೂಟರ್‌ನಲ್ಲಿ ಪೂರ್ತಿ ವೇಗ ಬಂತು. ಹಾಗೆಂದು ಪ್ರತಿ ಸಲವೂ ಕೇಬಲ್ಲೇ ತಪ್ಪಿತಸ್ಥ ಅಲ್ಲ. ಕಡಿಮೆ ಬೆಲೆಯ ಕೆಲವು ರೂಟರ್‌ಗಳ ಕಿಂಡಿಗಳೇ 100ರವು. ಡಬ್ಬಿಯ ಮೇಲೆ ಗಿಗಾಬಿಟ್ ಎಂದು ಬರೆದಿದೆಯೇ ನೋಡಿ.

ನಾಲ್ಕನೇ ಹೆಜ್ಜೆ: ವ್ಯಾನ್ ವಿಳಾಸ ಓದಿ

ಇಡೀ ಪತ್ತೆ ಕಾರ್ಯದಲ್ಲಿ ಹೆಚ್ಚು ಸುಳಿವು ಕೊಡುವುದು ಈ ಒಂದು ಸಾಲು. ನಿಮ್ಮ ರೂಟರ್‌ನ ಆ್ಯಪ್ ಅಥವಾ ಸೆಟ್ಟಿಂಗ್ ಪುಟದಲ್ಲಿ ಸ್ಟೇಟಸ್ ಎಂಬಲ್ಲಿ ವ್ಯಾನ್ ಐಪಿ ಎಂದಿರುತ್ತದೆ. ಅದರಲ್ಲಿ ಏನಿದೆ?

ಖಾಲಿ ಅಥವಾ 0.0.0.0 ಇದ್ದರೆ ರೂಟರ್‌ಗೆ ಓಎನ್‌ಟಿಯಿಂದ ವಿಳಾಸವೇ ಸಿಕ್ಕಿಲ್ಲ. ಕನೆಕ್ಷನ್ ಟೈಪ್ ನೋಡಿ. ಓಎನ್‌ಟಿಯೇ ಕಂಪನಿಗೆ ಲಾಗಿನ್ ಆಗುತ್ತಿದ್ದರೆ ನಿಮ್ಮ ರೂಟರ್‌ನಲ್ಲಿ ಡೈನಾಮಿಕ್ ಐಪಿ (ಕೇಳಿದರೆ ತಾನಾಗಿ ವಿಳಾಸ ಸಿಗುವ ಬಗೆ) ಇರಬೇಕು. ಹಳೆಯ ಕನೆಕ್ಷನ್‌ನ ಕಾಲದ ಪಿಪಿಪಿಓಇ (ಯೂಸರ್ ನೇಮ್, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ ಬಗೆ) ಹಾಗೇ ಉಳಿದಿದ್ದರೆ ವಿಳಾಸ ಸಿಗುವುದಿಲ್ಲ. ಕರೆಂಟ್ ಹೋಗಿ ಬಂದಾಗ ಮಾತ್ರ ಹೀಗಾಗುವುದಾದರೆ ಅದು ಸರದಿಯ ಸಮಸ್ಯೆ. ರೂಟರ್ ಬೇಗ ಎದ್ದು ವಿಳಾಸ ಕೇಳುತ್ತದೆ, ಓಎನ್‌ಟಿ ಇನ್ನೂ ಕಣ್ಣು ಬಿಟ್ಟಿರುವುದಿಲ್ಲ. ಮೊದಲು ಓಎನ್‌ಟಿ ಆನ್ ಮಾಡಿ, ಪಾನ್ ಮತ್ತು ಇಂಟರ್‌ನೆಟ್ ದೀಪ ನಿಂತ ಮೇಲೆ ರೂಟರ್ ಹಾಕಿ. ಕರೆಂಟ್ ದಿನಾ ಕಣ್ಣಾಮುಚ್ಚಾಲೆ ಆಡುವ ಊರಾದರೆ ಎರಡಕ್ಕೂ ಮಿನಿ ಯುಪಿಎಸ್ ಹಾಕುವುದು ಒಳ್ಳೆಯದು. ಒಂದಕ್ಕೆ ಮಾತ್ರ ಹಾಕಿದರೆ ಇನ್ನೊಂದು ಆಫ್ ಆದಾಗ ನೆಟ್ ಹೋಗುವುದು ತಪ್ಪುವುದಿಲ್ಲ. ಅಡಾಪ್ಟರ್ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂದು ಎರಡರದನ್ನೂ ಓದಿಯೇ ಖರೀದಿಸಿ.

192.168 ಅಥವಾ 10ರಿಂದ ಶುರುವಾಗುವ ವಿಳಾಸ ಇದ್ದರೆ, ಇಲ್ಲವೇ 172.16ರಿಂದ 172.31ರವರೆಗಿನದು ಇದ್ದರೆ, ಅದು ಖಾಸಗಿ ವಿಳಾಸ, ಅಂದರೆ ಒಳಗಿನ ಜಾಲದಲ್ಲಷ್ಟೇ ನಡೆಯುವಂಥದ್ದು. ಓಎನ್‌ಟಿ ಒಂದು ಸಲ ವಿಳಾಸ ಬದಲಿಸುತ್ತದೆ, ನಿಮ್ಮ ರೂಟರ್ ಮತ್ತೊಂದು ಸಲ ಬದಲಿಸುತ್ತದೆ. ಹೀಗೆ ವಿಳಾಸ ಬದಲಿಸುವುದಕ್ಕೆ ನ್ಯಾಟ್, ಎರಡು ಸಲ ಬದಲಾಗುವುದಕ್ಕೆ ಡಬಲ್ ನ್ಯಾಟ್ ಅನ್ನುತ್ತಾರೆ. ಅಪಾರ್ಟ್‌ಮೆಂಟಿನ ಮುಖ್ಯ ಗೇಟಿನಲ್ಲೊಬ್ಬ, ಬ್ಲಾಕಿನ ಬಾಗಿಲಲ್ಲೊಬ್ಬ ವಾಚ್‌ಮನ್ ಇದ್ದ ಹಾಗೆ. ಒಳಗಿನವರು ಹೊರಗೆ ಹೋಗಿ ಬರಲು ತೊಂದರೆಯಿಲ್ಲ, ಹೊರಗಿನಿಂದ ಹೆಸರು ಹಿಡಿದು ಹುಡುಕಿ ಬಂದವರಿಗೆ ಮಾತ್ರ ಇಬ್ಬರೂ ದಾರಿ ಬಿಡಬೇಕು. ಅದಕ್ಕೇ ಯೂಟ್ಯೂಬು, ವಾಟ್ಸಾಪು ಎಲ್ಲ ಸರಿ, ಕ್ಯಾಮೆರಾ ಮತ್ತು ಕೆಲವು ಆನ್‌ಲೈನ್ ಆಟಗಳು ಮಾತ್ರ ಕೈಕೊಡುತ್ತವೆ.

ಇಲ್ಲೊಂದು ಹೊಂಚುವ ತೊಂದರೆಯಿದೆ. ಓಎನ್‌ಟಿಯ ಒಳ ವಿಳಾಸ 192.168.1.1, ನಿಮ್ಮ ರೂಟರ್‌ನದೂ 192.168.1.1 ಆಗಿದ್ದರೆ ರೂಟರ್‌ಗೆ ಒಳಗು ಯಾವುದು ಹೊರಗು ಯಾವುದು ತಿಳಿಯುವುದಿಲ್ಲ. ನೆಟ್ ನಿಲ್ಲುತ್ತದೆ, ಅಥವಾ ಲಾಗಿನ್ ಪುಟ ಬೇರೆ ಡಬ್ಬಿಯದು ತೆರೆದುಕೊಳ್ಳುತ್ತದೆ. ಹೊಸ ರೂಟರ್‌ಗಳು ಇದನ್ನು ಗಮನಿಸಿ ತಾವೇ ವಿಳಾಸ ಬದಲಿಸಿಕೊಳ್ಳುವುದುಂಟು. ನಿಮ್ಮದು ಹಾಗೆ ಮಾಡದಿದ್ದರೆ ಲ್ಯಾನ್ ಸೆಟ್ಟಿಂಗಿಗೆ ಹೋಗಿ 192.168.50.1 ಎಂದು ಹಾಕಿ. ಏರ್‌ಟೆಲ್‌ನ ಡಬ್ಬಿಗಳಲ್ಲಿ ಸಾಮಾನ್ಯವಾಗಿ 192.168.1.1, ಜಿಯೋಫೈಬರ್‌ನಲ್ಲಿ 192.168.29.1 ಇರುತ್ತದೆ. ಅವಕ್ಕೆ ಹೊಂದದ ಯಾವ ಸಂಖ್ಯೆಯಾದರೂ ಆದೀತು.

ಇನ್ನು 100.64ರಿಂದ 100.127ರವರೆಗಿನ ವಿಳಾಸ. ಇದು ನಿಮ್ಮ ರೂಟರ್‌ನಲ್ಲಿ, ಅಥವಾ ಓಎನ್‌ಟಿಯ ಸ್ವಂತ ವ್ಯಾನ್ ಸಾಲಿನಲ್ಲಿ ಕಂಡರೆ ಕಂಪನಿಯೇ ತನ್ನ ಕಡೆ ಮತ್ತೊಂದು ನ್ಯಾಟ್ ಇಟ್ಟಿದೆ ಎಂದರ್ಥ. ಐಪಿವಿ4 (ಹಳೆಯ ಬಗೆಯ ಐಪಿ) ವಿಳಾಸಗಳು ಮುಗಿಯುತ್ತ ಬಂದಾಗ, 2012ರಲ್ಲಿ ಇದಕ್ಕೆಂದೇ ಈ ಸಾಲನ್ನು ಮೀಸಲಿಟ್ಟರು. ಇಂಥ ಕನೆಕ್ಷನ್‌ನಲ್ಲಿ ನೀವು ಮನೆಯೊಳಗೆ ಎಷ್ಟು ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಒಂದು ಸಾಧನದವರೆಗೆ ದಾರಿ ಬಿಡುವುದು) ಮಾಡಿದರೂ ಹೊರಗಿನಿಂದ ಕ್ಯಾಮೆರಾ ಸಿಗುವುದಿಲ್ಲ. ಕ್ಯಾಮೆರಾ ಕಂಪನಿಯ ಆ್ಯಪ್ ಮೂಲಕ ನೋಡಿ, ಇಲ್ಲವೇ ತಿಂಗಳಿಗಿಷ್ಟು ಎಂದು ಹಣ ಕೊಟ್ಟು ಸ್ಟ್ಯಾಟಿಕ್ ಐಪಿ (ಬದಲಾಗದ, ಹೊರಗಿನಿಂದ ಸಿಗುವ ವಿಳಾಸ) ಕೇಳಿ. ಕ್ಯಾಮೆರಾಗೆ ರೂಟರ್‌ನ ಡಿಎಂಝಡ್ ಸೆಟ್ಟಿಂಗ್ ಆನ್ ಮಾಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಅದು ಆ ಸಾಧನದ ಎಲ್ಲ ಬಾಗಿಲನ್ನೂ ಹೊರಗಿನವರಿಗೆ ತೆರೆದಿಡುತ್ತದೆ.

ಐದನೇ ಹೆಜ್ಜೆ: ವಿಳಾಸ ಹಂಚುವ ಕೆಲಸ ಒಬ್ಬರಿಗೇ ಕೊಡಿ

ಬಹುತೇಕ ಮನೆಗಳಿಗೆ ನನ್ನ ಆಯ್ಕೆ ಆ್ಯಕ್ಸೆಸ್ ಪಾಯಿಂಟ್ ಮೋಡ್. ಓಎನ್‌ಟಿಯೇ ವಿಳಾಸ ಹಂಚಲಿ, ನಿಮ್ಮ ರೂಟರ್ ಬರೀ ವೈಫೈ ಹರಡಲಿ. ಕಂಪನಿಯವರ ಅನುಮತಿ ಬೇಡ, ಅವರ ಡಬ್ಬಿಯಲ್ಲಿ ಏನೂ ಬದಲಿಸುವುದಿಲ್ಲ, ಲ್ಯಾಂಡ್‌ಲೈನ್ ಫೋನೂ ಟಿವಿ ಬಾಕ್ಸೂ ಮೊದಲಿನಂತೆ ನಡೆಯುತ್ತವೆ. ಪ್ರಿಂಟರು, ಟಿವಿ, ಫೋನು ಎಲ್ಲ ಒಂದೇ ಜಾಲಕ್ಕೆ ಬರುವುದರಿಂದ ಒಂದಕ್ಕೊಂದು ಕಾಣುತ್ತವೆ. ಓಎನ್‌ಟಿ ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ಕೊಡುತ್ತಿದ್ದರೆ ಅದೂ ಒಳಗಿನವರೆಗೆ ಹರಿಯುತ್ತದೆ.

ಈಗಿನ ಬಹಳಷ್ಟು ರೂಟರ್‌ಗಳಲ್ಲಿ ಆಪರೇಷನ್ ಮೋಡ್ ಎಂಬಲ್ಲಿ ಆ್ಯಕ್ಸೆಸ್ ಪಾಯಿಂಟ್ ಆರಿಸಿದರೆ ಮುಗಿಯಿತು, ಅದೇ ಒಮ್ಮೆ ರೀಸ್ಟಾರ್ಟ್ ಆಗುತ್ತದೆ. ಆ ಮೋಡ್ ಇಲ್ಲದ ಹಳೆಯ ರೂಟರ್ ಆದರೆ ಕೈಯಾರೆ ಮಾಡಬೇಕು, ಅದೂ ಇದೇ ಕ್ರಮದಲ್ಲಿ. ಓಎನ್‌ಟಿಯ ಕೇಬಲ್ ಬಿಚ್ಚಿಟ್ಟು, ಲ್ಯಾಪ್‌ಟಾಪನ್ನು ರೂಟರ್‌ನ ಲ್ಯಾನ್ ಕಿಂಡಿಗೆ ಜೋಡಿಸಿ. ಮೊದಲು ವೈಫೈ ಹೆಸರು, ಪಾಸ್‌ವರ್ಡ್ ಸರಿಮಾಡಿ. ಆಮೇಲೆ ಡಿಎಚ್‌ಸಿಪಿ ಸರ್ವರ್ (ವಿಳಾಸ ಹಂಚುವ ಭಾಗ) ಆಫ್ ಮಾಡಿ. ನಂತರ ರೂಟರ್‌ನ ಲ್ಯಾನ್ ವಿಳಾಸವನ್ನು ಓಎನ್‌ಟಿಯ ಸಾಲಿನಲ್ಲೇ, ಆದರೆ ಅದು ಹಂಚುವ ವ್ಯಾಪ್ತಿಯ ಹೊರಗೆ ಇರುವಂತೆ ಇಡಿ. ಓಎನ್‌ಟಿ 192.168.1.1 ಆಗಿದ್ದು 10ರಿಂದ ಮುಂದಕ್ಕೆ ಹಂಚುತ್ತಿದ್ದರೆ, ರೂಟರ್‌ಗೆ 192.168.1.2 ಸಾಕು. ವಿಳಾಸ ಬದಲಾದ ಕ್ಷಣ ಸೆಟ್ಟಿಂಗ್ ಪುಟ ಕೈತಪ್ಪುವ ಕಾರಣ ಅದನ್ನು ಕೊನೆಗೆ ಇಟ್ಟಿದ್ದೇನೆ. ಈಗ ಓಎನ್‌ಟಿಯ ಕೇಬಲನ್ನು ರೂಟರ್‌ನ ಲ್ಯಾನ್ ಕಿಂಡಿಗೆ ಹಾಕಿ, ವ್ಯಾನ್ ಖಾಲಿ ಇರಲಿ. ಮೂರನೇ ಹೆಜ್ಜೆಯಲ್ಲಿ ತಪ್ಪು ಎಂದಿದ್ದ ಜೋಡಣೆ ಡಿಎಚ್‌ಸಿಪಿ ಆಫ್ ಆದ ಮೇಲೆ ಸರಿಯಾದ ಜೋಡಣೆಯಾಗುತ್ತದೆ.

ಎರಡೂ ವೈಫೈಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಡಬಹುದು. 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ ಮಾತ್ರ ಬೇರೆ ಇರಲಿ, ಒಂದಕ್ಕೆ 1, ಇನ್ನೊಂದಕ್ಕೆ 6 ಅಥವಾ 11. ಇವು ಒಂದರ ಮೇಲೊಂದು ಬೀಳುವುದಿಲ್ಲ. ರೂಟರ್ ಓಎನ್‌ಟಿಯ ಮಗ್ಗುಲಲ್ಲೇ ಇದ್ದರೆ ಓಎನ್‌ಟಿಯ ವೈಫೈ ಆಫ್ ಮಾಡಿ. ಚಿರೆಕಲ್ಲಿನ ದಪ್ಪ ಗೋಡೆಯ ಮನೆಯಲ್ಲಿ 5 ಗಿಗಾಹರ್ಟ್ಸ್ ಎರಡು ಗೋಡೆ ದಾಟಲು ಒದ್ದಾಡುತ್ತದೆ. ರೂಟರನ್ನು ಹಿಂದಿನ ಕೋಣೆಯವರೆಗೆ ಕೇಬಲ್ ಎಳೆದೇ ಕೊಂಡೊಯ್ಯಿರಿ.

ಸ್ವಂತ ರೂಟರ್‌ನ ವಿಪಿಎನ್, ಮಕ್ಕಳಿಗೆ ಹೊತ್ತಿನ ಮಿತಿ ಮುಂತಾದವು ಬೇಕೇ ಬೇಕು ಅನ್ನುವವರಿಗೆ ಬ್ರಿಡ್ಜ್ ಮೋಡ್ ಇದೆ. ಓಎನ್‌ಟಿ ಬರೀ ಮೋಡೆಮ್ ಆಗುತ್ತದೆ, ಲಾಗಿನ್ ಆಗುವ ಕೆಲಸ ರೂಟರ್‌ನದು. ಕೆಲವು ಕಂಪನಿಗಳು ಕೇಳಿದರೆ ಮಾಡಿಕೊಡುತ್ತವೆ, ಕೆಲವು ಒಪ್ಪುವುದಿಲ್ಲ. ಒಪ್ಪಿದರೆ ಪಿಪಿಪಿಓಇ ಯೂಸರ್ ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ ಬರೆದುಕೊಳ್ಳಿ, ಲ್ಯಾಂಡ್‌ಲೈನ್ ನಡೆಯುತ್ತದೆಯೇ ಎಂದೂ ಕೇಳಿಕೊಳ್ಳಿ. ಬ್ರಿಡ್ಜ್ ಆದ ಮೇಲೆ ಕೆಲವು ಸೈಟ್ ತೆರೆದು, ಕೆಲವು ಅರ್ಧಕ್ಕೇ ನಿಂತರೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ನೋಡಿ. ಪಿಪಿಪಿಓಇ ತನಗೆ 8 ಬೈಟ್ ಇಟ್ಟುಕೊಳ್ಳುತ್ತದೆ, ಹಾಗಾಗಿ 1500 ಇದ್ದುದನ್ನು 1492 ಮಾಡಬೇಕು.

ವಿಳಾಸ, ಕೇಬಲ್ ಎಲ್ಲ ಸರಿಯಿದ್ದೂ ಸೈಟ್ ತೆರೆಯದಿದ್ದರೆ ಲ್ಯಾಪ್‌ಟಾಪಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ ping 8.8.8.8 ಎಂದು ಟೈಪ್ ಮಾಡಿ. ಉತ್ತರ ಬಂದರೆ ದಾರಿ ಸರಿ, ಹೆಸರು ಹುಡುಕುವ ಡಿಎನ್‌ಎಸ್ ಕೆಟ್ಟಿದೆ. ವಿಳಾಸ ಹಂಚುವ ಡಬ್ಬಿಯಲ್ಲಿ ಡಿಎನ್‌ಎಸ್ 1.1.1.1 ಅಥವಾ 8.8.8.8 ಎಂದು ಹಾಕಿ ನೋಡಿ.

ಕಂಪನಿಗೆ ಫೋನ್ ಮಾಡಬೇಕಾಗಿ ಬಂದರೆ

"ನೆಟ್ ಸ್ಲೋ" ಎಂದಷ್ಟೇ ಹೇಳಬೇಡಿ. ಎಲ್‌ಓಎಸ್ ಮತ್ತು ಪಾನ್ ದೀಪ ಹೇಗಿವೆ, ಆಪ್ಟಿಕಲ್ ಪವರ್ ಎಷ್ಟು, ಅವರ ಡಬ್ಬಿಗೆ ನೇರವಾಗಿ ಕೇಬಲ್ ಹಾಕಿದಾಗ ಎಷ್ಟು ವೇಗ ಬಂತು, ಎಷ್ಟು ಹೊತ್ತಿಗೆ ಬಂತು ಎಂದು ಹೇಳಿ. ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಕೇಳಿ ಬರೆದಿಟ್ಟುಕೊಳ್ಳಿ. ಮೊದಲ ದೂರಿಗೆ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮಗಳಲ್ಲಿ ಅವಕಾಶವಿದೆ, ಅಲ್ಲಿ ಮೊದಲು ಕೇಳುವುದೂ ಆ ನಂಬರನ್ನೇ. ಲೈನ್‌ಮನ್ ಬಂದಾಗ ನಿಮ್ಮ ರೂಟರ್ ಬಿಚ್ಚಿಟ್ಟಿರಲಿ. ಅವರ ಡಬ್ಬಿಯಲ್ಲೇ ವೇಗ ತೋರಿಸಲು ಹೇಳಿ, ಅದು ಸರಿಯಾಗಿದೆ ಎಂದು ನೀವು ಕಣ್ಣಾರೆ ನೋಡಿದ ಮೇಲೆಯೇ ದೂರು ಮುಗಿಯಿತೆಂದು ಒಟಿಪಿ ಕೊಡಿ.